ಗುಡ್ಡ ಹತ್ತುವ ಮೊದಲು, ಗುಡ್ಡ ಇಳಿದ ಮೇಲೆ



ಮೊದಲಿಗೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿರಿ. ಈಗ ಮೇಲೆ ಹೋಗಿ ದರ್ಶನ ಮಾಡಿಕೊಂಡು ಬಂದಿರಲ್ಲ, ಗವಿಯೊಳಗೆ ಮಲ್ಲಯ್ಯನ ಮುಂದೆ ಎಷ್ಟು ಹೊತ್ತು ನಿಂತಿದ್ದಿರಿ? ಸಾದಾ ದಿನವಾದರೆ ಒಂದೆರಡು ನಿಮಿಷ. ಸಂಕ್ರಮಣದ ಜಾತ್ರೆಯಾದರೆ ಅದೂ ಇಲ್ಲ. ಹಿಂದಿನವರು ನೂಕುತ್ತಾರೆ, ಮುಂದಿನವರು ಸರಿಯುವುದಿಲ್ಲ, "ನಡೀರಿ ಮುಂದ, ನಡೀರಿ" ಅಂತ ಕೂಗು ಬೇರೆ. ಕೈ ಮುಗಿಯುವಷ್ಟರಲ್ಲಿ ಹೊರಗೆ ಬಂದಿರುತ್ತೀರಿ. ಹಣೆಗೆ ಭಂಡಾರ ಹತ್ತಿತೋ ಇಲ್ಲವೋ ಅನ್ನುವುದೂ ಹೊರಗೆ ಬಂದ ಮೇಲೆ ಒಬ್ಬರ ಮುಖ ಒಬ್ಬರು ನೋಡಿ ಹೇಳಬೇಕು.

ಹಾಗಾದರೆ ಇಷ್ಟು ದೂರ ಬಂದದ್ದು ಆ ಅರೆ ನಿಮಿಷಕ್ಕೇನು? ಮೈಲಾಪುರಕ್ಕೆ ಯಾದಗಿರಿ ಜಿಲ್ಲೆಯವರಷ್ಟೇ ಅಲ್ಲ, ತೆಲಂಗಾಣದಿಂದ, ಆಂಧ್ರದಿಂದ, ಮಹಾರಾಷ್ಟ್ರದಿಂದ ಜನ ಬರುತ್ತಾರೆ. ಕೂಲಿ ಬಿಟ್ಟು ಬಂದವರಿದ್ದಾರೆ. ಸಾಲ ಮಾಡಿ ಬಂದವರೂ ಇದ್ದಾರೆ. ಲೆಕ್ಕ ಹಾಕುವವನು ಯಾವನಾದರೂ ಕೂತು ಲೆಕ್ಕ ಹಾಕಿದರೆ ಇದು ಭಾಳ ನಷ್ಟದ ವ್ಯವಹಾರ. ಆದರೆ ನೀವು ಯಾರೂ ನಷ್ಟವಾದವರ ಹಾಗೆ ಕಾಣುತ್ತಿಲ್ಲ. ಅದು ಯಾಕೆ ಅನ್ನುವುದನ್ನೇ ಈ ನಾಲ್ಕು ಪುಟದಲ್ಲಿ ಹೇಳಬೇಕು ಅಂತ ಮನಸ್ಸು ಮಾಡಿದ್ದೇನೆ.

ನಾನು ಶಹಾಪುರ ತಾಲ್ಲೂಕಿನ ಶಿರವಾಳದವ. ಪುರಾಣ ಹೇಳುವುದು ನಮ್ಮ ಮನೆತನದ ಕಸುಬು. ಶಿರವಾಳ ನೋಡಿದವರಿಗೆ ಗೊತ್ತು, ನಮ್ಮೂರಲ್ಲಿ ಹಳೆಯ ಕಲ್ಲಿನ ಗುಡಿಗಳು ಒಂದೆರಡಲ್ಲ. ರಾಷ್ಟ್ರಕೂಟರ ಕಾಲದವು, ಕಲ್ಯಾಣದ ಚಾಲುಕ್ಯರ ಕಾಲದವು ಅಂತ ತಿಳಿದವರು ಹೇಳುತ್ತಾರೆ. ಕೆಲವು ಬಿದ್ದಿವೆ, ಕೆಲವು ನಿಂತಿವೆ. ನಾವು ಹುಡುಗರಿದ್ದಾಗ ಆ ಕಂಬಗಳ ನಡುವೆಯೇ ಕಣ್ಣುಮುಚ್ಚಾಲೆ ಆಡಿದವರು. ನಮ್ಮವ್ವ ಮಾತ್ರ ಹೊಲಕ್ಕೆ ಹೋಗುವಾಗ ಒಂದು ಬರಿದಾದ ಗುಡಿಯ ಮುಂದೆ ತಲೆಯ ಮೇಲಿನ ಬುಟ್ಟಿ ಇಳಿಸಿ ಕೈ ಮುಗಿದೇ ಮುಂದೆ ಹೋಗುವಾಕಿ. "ಒಳಗ ದೇವರೇ ಇಲ್ಲಲ್ಲಬೇ" ಅಂತ ನಾನು ಒಮ್ಮೆ ನಕ್ಕೆ. "ಇತ್ತಲ್ಲಪ್ಪ" ಅಂದಳು. ಅಷ್ಟೇ. ಬುಟ್ಟಿ ಎತ್ತಿಕೊಂಡು ನಡೆದಳು. ಆ "ಇತ್ತಲ್ಲ" ಅನ್ನುವ ಮಾತು ನನಗೆ ತಿಳಿಯಲಿಕ್ಕೆ ಮೂವತ್ತು ವರ್ಷ ಹಿಡಿಯಿತು.

ನಮ್ಮ ಮನೆಯಲ್ಲಿ ಮೈಲಾಪುರದ ಜಾತ್ರೆ ಸಂಕ್ರಮಣದ ದಿನ ಆಗುತ್ತಿರಲಿಲ್ಲ. ದೀಪಾವಳಿ ಪಾಡ್ಯ ಮುಗಿದ ಮರುದಿನವೇ ಸುರುವಾಗುತ್ತಿತ್ತು. ಅವ್ವ ಜೋಳದ ಚೀಲದಿಂದ ಎರಡು ಸೇರು ಬೇರೆ ತೆಗೆದಿಡುವಳು, "ಇದು ಮಲ್ಲಯ್ಯನ ಬುತ್ತಿಗಿ". ಅರಿಷಿಣ ಕುಟ್ಟಿ ಸೋಸಿ ಭಂಡಾರದ ಚೀಲ ತುಂಬುವಳು. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದರೆ, ಇನ್ನು ಇಂತಿಷ್ಟು ದಿನ ಅಂತ ಬೆರಳು ಎಣಿಸುವುದು. ಚರಗ ಚೆಲ್ಲುವುದನ್ನೇ ನೋಡಿರಿ. ಬೆಳೆ ಇನ್ನೂ ಕೈಗೆ ಬಂದಿರುವುದಿಲ್ಲ. ಹಿಂಗಾರಿ ಜೋಳ ಹೊಲದಲ್ಲಿ ನಿಂತಿರುತ್ತದೆ. ಬಸುರಿಗೆ ಬಯಕೆ ಬಡಿಸಿದ ಹಾಗೆ ಭೂತಾಯಿಗೆ ಬಡಿಸಿ, ನಾವೂ ಉಂಡು, ಹೋಳಿಗೆ ಕಡುಬು ಭಜ್ಜಿ ಸಜ್ಜಿರೊಟ್ಟಿ ಹಂಚಿ ಬರುತ್ತೇವೆ. ರಾಶಿ ಆದ ಮೇಲೆ ಹಬ್ಬ ಮಾಡಿದರೆ ಸಾಲದಾಗಿತ್ತೇ? ಮುಂದೆ ಆಗುವುದನ್ನು ಇಂದೇ ಉಣ್ಣುವ ವಿದ್ಯೆ ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಮಳೆ ಕೈ ಕೊಡಬಹುದು, ಕೀಡೆ ಬೀಳಬಹುದು. ಅದು ಗೊತ್ತಿದ್ದೂ ಚರಗ ಚೆಲ್ಲುತ್ತಾರೆ. ಪೇಟೆಯಲ್ಲಿ ಜೋಳಕ್ಕೆ ಏನು ಧಾರಣಿ ಬಂತು ಅನ್ನುವುದು ಆಮೇಲಿನ ಮಾತು. ಆ ದಿನದ ಊಟದ ಸಂತೋಷವನ್ನು ಯಾವ ದಲ್ಲಾಳಿಯೂ ಕಡಿಮೆ ಮಾಡಲಾರ.

ಆಮೇಲೆ ನಡಿಗೆ. ಭೀಮಾ ದಾಟಿ ಈಚೆಗೆ ಬರಬೇಕು ನಾವು. ಸೇತುವೆಯ ಮೇಲೆ ನಿಂತು ಒಂದು ಚಿಟಿಕೆ ಭಂಡಾರ ಹೊಳೆಗೆ ಹಾಕಿದರೆ ಅರ್ಧ ಜಾತ್ರೆ ಆದಂತೆ. ಶಹಾಪುರದ ಕಡೆಯಿಂದ ಬಂದವರು ದಾರಿಯಲ್ಲಿ ಮಲಗಿದ ಬುದ್ಧನನ್ನು ನೋಡಿರುತ್ತೀರಿ. ಗುಡ್ಡಗಳೇ ಕೂಡಿ ಬುದ್ಧ ಮಲಗಿದ ಹಾಗೆ ಕಾಣುತ್ತವೆ, ಹಣೆ, ಮೂಗು, ಎದೆ ಎಲ್ಲ. ನಾನು ಹುಡುಗನಿದ್ದಾಗ ಹಟ ಮಾಡಿ ಆ ಗುಡ್ಡದ ಬುಡಕ್ಕೇ ಹೋದೆ. ಅಲ್ಲಿ ಏನಿದೆ? ಬಂಡೆ, ಜಾಲಿ ಕಂಟಿ, ಕುರಿ ಕಾಯುವವರು. ಬುದ್ಧ ಇಲ್ಲ. ಬುದ್ಧ ಬೇಕಾದರೆ ಮತ್ತೆ ದೂರಕ್ಕೆ ಬರಬೇಕು. ದೂರದಿಂದ ಕಂಡದ್ದು ಸುಳ್ಳು ಅನ್ನೋಣವೇ? ಬುಡದಲ್ಲಿ ನಿಂತವನಿಗೆ ಕಾಣಲಿಲ್ಲ ಅಂದ ಮಾತ್ರಕ್ಕೆ ದಾರಿಯ ಮೇಲೆ ನಿಂತ ಇಡೀ ಬಸ್ಸಿನ ಜನ ಕಂಡದ್ದು ಸುಳ್ಳಾಗಲಿಲ್ಲ.

ಈಗಿನ ದಿನಗಳಲ್ಲಿ ಒಂದು ಉಪದೇಶ ಭಾಳ ಕೇಳಿಬರುತ್ತದೆ. ಟಿವಿ ಹಚ್ಚಿದರೂ ಅದೇ, ಮೊಬೈಲ್ ತೆಗೆದರೂ ಅದೇ. ಹಿಂದಿನದು ಸತ್ತು ಹೋಯಿತು, ಮುಂದಿನದು ಹುಟ್ಟಿಲ್ಲ, ಈ ಕ್ಷಣ ಒಂದೇ ಸತ್ಯ, ಈ ಕ್ಷಣದಲ್ಲಿ ಬದುಕು ಅಂತ. ತಪ್ಪು ಮಾತಲ್ಲ ಅದು. ನಾಳಿನ ಚಿಂತೆಯಲ್ಲಿ ಇಂದಿನ ರೊಟ್ಟಿಯ ರುಚಿ ಕೆಡಿಸಿಕೊಳ್ಳುವವರಿಗೆ ಅದು ಔಷಧ. ನಾನೂ ಎಷ್ಟೋ ಊರ ಪುರಾಣದಲ್ಲಿ ಅದನ್ನೇ ಹೇಳಿ ಭೇಷ್ ಅನ್ನಿಸಿಕೊಂಡಿದ್ದೇನೆ. ಆದರೆ ಎಲ್ಲ ರೋಗಕ್ಕೂ ಒಂದೇ ಗುಳಿಗೆ ಕೊಡುವ ಡಾಕ್ಟರನನ್ನು ನೀವು ನಂಬುತ್ತೀರೇನು?

ಅವ್ವನಿಗೆ ಲಕ್ವಾ ಹೊಡೆಯಿತು. ಎಡಗಡೆಯ ಕೈ ಕಾಲು ಪೂರಾ ಹೋದವು. ಮಾತು ಉಳಿಯಿತು, ಅದು ಮಲ್ಲಯ್ಯನ ಕೃಪೆ. ಏಳು ವರ್ಷ ಹೊರಸಿನ ಮೇಲೆ. ಮೊದಲನೆಯ ವರ್ಷ ಜಾತ್ರೆ ಹತ್ತಿರ ಬಂದಾಗ "ನನ್ನ ಬುತ್ತಿ ಕಟ್ಟಿದ್ರೇನು?" ಅಂತ ಕೇಳತೊಡಗಿದಳು. ನಾನು ಪುರಾಣ ಹೇಳುವವ ನೋಡಿ, ನಾಲಿಗೆ ಸುಮ್ಮನಿರಲಿಲ್ಲ. "ಅವ್ವ, ಹಿಂದಿಂದು ಬಿಡು, ಮುಂದಿಂದು ಬಿಡು, ಇವತ್ತಿಂದು ನೋಡು, ಶಾಂತಿ ಸಿಗ್ತದ" ಅಂದೆ. ಅವ್ವ ನನ್ನ ಮುಖ ನೋಡಿದಳು. "ಇವತ್ತಿನ್ಯಾಗ ನನಗ ಏನದ ಹೇಳು. ಈ ಹೊರಸು, ಈ ಗ್ವಾಡಿ. ನೀ ಹೇಳೂ ಇವತ್ತಿನ್ಯಾಗ ನಾ ಎಲ್ಲಿ ಇರ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾವಿರ ಜನರ ಮುಂದೆ ಮಾತಾಡಿದವನು ಒಬ್ಬ ಮುದುಕಿಯ ಮುಂದೆ ಸುಮ್ಮನಾದೆ. ಆರಾಮಿದ್ದವನಿಗೆ ಈ ಕ್ಷಣ ಮನೆ ಇದ್ದ ಹಾಗೆ. ಹೊರಸು ಹಿಡಿದವರಿಗೆ, ಜೇಲಿನಲ್ಲಿ ಇದ್ದವರಿಗೆ, ಪುಣೆ ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಮಕ್ಕಳನ್ನು ಊರಲ್ಲಿ ಬಿಟ್ಟು ಮಲಗಿದವರಿಗೆ ಅದೇ ಕ್ಷಣ ಬಾಗಿಲಿಲ್ಲದ ಕೋಣೆ. ಅಂಥವರಿಗೆ ದೇವರು ಎರಡು ಕಿಂಡಿ ಇಟ್ಟಿದ್ದಾನೆ. ಒಂದು ನೆನಪಿನದು, ಒಂದು ಬರುವುದರ ದಾರಿ ನೋಡುವುದು. ಅವನ್ನೂ ಮುಚ್ಚು ಅಂತ ಉಪದೇಶ ಮಾಡಲು ನಾವು ಯಾರು?

ಆ ವರ್ಷ ನಾನೊಬ್ಬನೇ ಬಂದೆ. ಗದ್ದಲದಲ್ಲಿ ದರ್ಶನ ಮಾಡಿ ಓಡಿ ಹೋಗಿ ಅವ್ವನ ಹಣೆಗೆ ಭಂಡಾರ ಹಚ್ಚಿ "ಚಲೋ ದರ್ಶನ ಆತಬೇ" ಅಂದೆ. "ಅಷ್ಟೇನು?" ಅಂದಳು. ಬುತ್ತಿ ಎಲ್ಲಿ ಬಿಚ್ಚಿದಿ? ಹೋದ ವರ್ಷ ಕೂತ ಬೇವಿನ ಗಿಡ ಅದನೋ ಕಡದಾರೋ? ಹೊನ್ನಕೆರೆಗೆ ದೇವರು ಗಂಗಾಸ್ನಾನಕ್ಕೆ ಬಂದಾಗ ಬಿಸಿಲು ಎಲ್ಲಿತ್ತು? ಸರಪಳಿ ಹರಿದವ ಯಾವ ವಯಸ್ಸಿನಂವ? ಒಂದಕ್ಕೂ ಉತ್ತರ ಗೊತ್ತಿಲ್ಲ ನನಗೆ. "ಗಿಡ ಅದಬೇ" ಅಂತ ಸುಳ್ಳು ಹೇಳಿದೆ. "ನೀ ನೋಡೇ ಇಲ್ಲ ಬಿಡು" ಅಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಮರುವರ್ಷ ನಾನು ಅವ್ವನಿಗೆ ಹೇಳಬೇಕು ಅಂತಲೇ ಬಂದೆ. ಬೇವಿನ ಗಿಡ ಹುಡುಕಿದೆ. ಇತ್ತು, ಒಂದು ಟೊಂಗೆ ಮುರಿದಿತ್ತು. ಮೆಟ್ಟಿಲ ಮೇಲೆ ಬಿದ್ದ ಭಂಡಾರ ಇಬ್ಬನಿಗೆ ತೊಯ್ದು ಹೇಗೆ ಕೆಂಪಾಗಿತ್ತು ಅಂತ ನೋಡಿದೆ. ಕಂಬಳಿ ಹೊದ್ದ ಮುದುಕನೊಬ್ಬ "ಏಳು ಕೋಟಿಗೋ" ಅಂತ ಕೂಗುವಾಗ ಕೊನೆಯ ಅಕ್ಷರವನ್ನು ಎಷ್ಟು ಉದ್ದ ಎಳೆಯುತ್ತಾನೆ ಅಂತ ಕೇಳಿದೆ. ಕುರಿಮರಿ ಎಸೆಯುವುದನ್ನು ಜಿಲ್ಲಾಡಳಿತ ಬಂದ್ ಮಾಡಿದ್ದರಿಂದ ಒಂದು ಕುಟುಂಬ ತಮ್ಮ ಮರಿಯನ್ನು ಎದೆಗೆ ಅವುಚಿಕೊಂಡೇ ಮನೆಗೆ ತಿರುಗಿದ್ದನ್ನೂ ನೋಡಿದೆ. (ಒಳ್ಳೆಯದೇ ಆಯಿತು ಅನ್ನುವವ ನಾನು. ಆ ಮರಿಯ ಕಣ್ಣು ನೋಡಿದ್ದರೆ ನೀವೂ ಹಾಗೇ ಅನ್ನುತ್ತಿದ್ದಿರಿ.) ಹೇಳಬೇಕಾಗಿದೆ ಅಂತ ನೋಡಿದ ದಿನ ನನಗೆ ಮೊದಲ ಸಲ ಗುಡ್ಡ ಕಂಡಿತು. ಈ ಕ್ಷಣದಲ್ಲಿ ಬದುಕು ಅನ್ನುವ ನನ್ನ ಪುರಾಣದಿಂದ ಸಿಗದ ಕ್ಷಣ, ಅವ್ವನ ಮುಂದೆ ನಾಳೆ ಕೂತು ಹೇಳಬೇಕು ಅನ್ನುವುದರಿಂದ ಸಿಕ್ಕಿತು.

ಶಾಸ್ತ್ರ ಏನು ಹೇಳುತ್ತದೆ? ಭಾಗವತದಲ್ಲಿ ಪ್ರಹ್ಲಾದ ಒಂಬತ್ತು ಬಗೆಯ ಭಕ್ತಿ ಹೇಳುವಾಗ ಶ್ರವಣ, ಕೀರ್ತನ ಆದ ಕೂಡಲೇ ಮೂರನೆಯದಾಗಿ ಸ್ಮರಣ ಬರುತ್ತದೆ. ಅರ್ಚನ ಅಂದರೆ ಪೂಜೆ, ಅದು ಆಮೇಲೆ. ಕಣ್ಣ ಮುಂದೆ ಇರುವುದನ್ನು ಯಾರೂ ಸ್ಮರಿಸುವುದಿಲ್ಲ. ಇಲ್ಲದ್ದನ್ನೇ, ದೂರ ಇರುವುದನ್ನೇ ಸ್ಮರಿಸುವುದು. ನಮ್ಮ ಶರಣರೂ ದಾಸರೂ ಎದೆಯ ಮೇಲೆ ಲಿಂಗ ಇಟ್ಟುಕೊಂಡವರು, ಕೈಯಲ್ಲಿ ತಂಬೂರಿ ಹಿಡಿದವರು, ಇಬ್ಬರೂ ಸ್ಮರಣೆಗೇ ಮೊದಲ ಮಣೆ ಹಾಕಿದರು. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದಳಲ್ಲ, ಆಕೆ ನಮಗೆ ಬಿಟ್ಟು ಹೋದ ಮಾತುಗಳಲ್ಲಿ ಎಷ್ಟೊಂದು ಹುಡುಕಾಟದ ಮಾತುಗಳು, ಹಂಬಲದ ಮಾತುಗಳು. ಇಂದಿಗೂ ಯುಗಾದಿ ಹತ್ತಿರ ಬಂದರೆ ಉತ್ತರ ಕರ್ನಾಟಕದ ಜನ ಶ್ರೀಶೈಲಕ್ಕೆ ನಡೆದೇ ಹೋಗುತ್ತಾರೆ. ಬಸ್ಸಿದೆ, ಬಸ್ಸಿಗೆ ದುಡ್ಡೂ ಇದೆ. ಆದರೂ ನಡೆಯುತ್ತಾರೆ. ದಾರಿ ಉದ್ದ ಆದಷ್ಟು ಹಬ್ಬ ಉದ್ದ.

ಶಬರಿಯ ಕಥೆ ನಿಮಗೆಲ್ಲ ಗೊತ್ತು. ಹಂಪಿಯ ಹತ್ತಿರ ಪಂಪಾ ಸರೋವರದಲ್ಲಿ ಆಕೆಯ ಗವಿ ತೋರಿಸುತ್ತಾರೆ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವೇ ಇದೆ. ಗುರು ಮತಂಗರು ಹೋದ ಮೇಲೆ ಎಷ್ಟೋ ಕಾಲ ಆಕೆ ರಾಮನ ದಾರಿ ಕಾದಳು. ದಿನಾ ಅಂಗಳ ಉಡುಗುವುದು, ದಿನಾ ಹಣ್ಣು ಆರಿಸುವುದು. ಹುಳಿಯೋ ಸಿಹಿಯೋ ಅಂತ ಕಚ್ಚಿ ನೋಡಿ ಇಟ್ಟಳು ಅಂತ ನಮ್ಮ ಜನ ಹೇಳುವ ಕಥೆ. ರಾಮ ಬಂದು ಕೂತದ್ದು ಎಷ್ಟು ಹೊತ್ತು? ಸೀತೆಯನ್ನು ಹುಡುಕುವ ಅವಸರದಲ್ಲಿದ್ದ ಅವನು. ಆ ಒಂದು ಗಳಿಗೆಗಾಗಿ ಶಬರಿ ಆಯುಷ್ಯ ಹಾಳು ಮಾಡಿಕೊಂಡಳು ಅಂತ ಯಾರಾದರೂ ಅಂದಾರೇ? ದಿನಾ ಬೆಳಗ್ಗೆ "ಇವತ್ತು ಬಂದಾನು" ಅಂತ ಎದ್ದವಳಿಗೆ ಎಷ್ಟು ಸಾವಿರ ಬೆಳಗು ಸಿಕ್ಕವು ಲೆಕ್ಕ ಹಾಕಿರಿ. ನಮಗೆ ಅಂಥ ಬೆಳಗು ವರ್ಷಕ್ಕೆ ಎರಡು ಮೂರು ಸಿಕ್ಕರೆ ದೊಡ್ಡದು.

ಕಾಯುವುದು ಬರೀ ಮನುಷ್ಯರ ಪಾಲಿಗೆ ಬಂದ ಕಷ್ಟವೂ ಅಲ್ಲ. ನಮ್ಮ ಈ ಭೀಮೆಯೇ ಮೇಲೆ ಪಂಢರಪುರದ ಮೆಟ್ಟಿಲು ತೊಳೆದು ಬಂದವಳು. ಅಲ್ಲಿ ಪುಂಡಲೀಕ ತಂದೆ ತಾಯಿಯ ಸೇವೆಯಲ್ಲಿದ್ದಾಗ ದೇವರು ಬಾಗಿಲಿಗೆ ಬಂದ. "ನಿಲ್ಲು ಸ್ವಲ್ಪ" ಅಂತ ಒಂದು ಇಟ್ಟಿಗೆ ಎಸೆದ ಪುಂಡಲೀಕ. ಸೊಂಟದ ಮೇಲೆ ಕೈ ಇಟ್ಟು ಆ ಇಟ್ಟಿಗೆಯ ಮೇಲೆ ವಿಠ್ಠಲ ಇನ್ನೂ ನಿಂತೇ ಇದ್ದಾನೆ. ಹೊರಸು ಹಿಡಿದ ತಾಯಿಯ ಸೇವೆಗೆ ನಿಂತು ಈ ವರ್ಷ ಗುಡ್ಡಕ್ಕೆ ಬರಲಾಗದವರು ಯಾರಾದರೂ ಇದ್ದರೆ, ಈ ಪುಸ್ತಕ ಕೊಂಡು ಹೋಗುವವರು ಅವರಿಗೆ ಈ ಮಾತು ಮುಟ್ಟಿಸಿರಿ.

ಪರದೇಶದ ಒಂದು ಸಂಗತಿಯನ್ನೂ ಹೇಳುತ್ತೇನೆ. ನೆದರ್ಲೆಂಡ್ಸ್ ದೇಶದಲ್ಲಿ ಪಂಡಿತರು 1,530 ಜನರನ್ನು ಪರೀಕ್ಷೆ ಮಾಡಿ 2010ರಲ್ಲಿ ಅದನ್ನು ಪ್ರಕಟಿಸಿದರು. ಅವರಲ್ಲಿ 974 ಜನ ರಜೆಗೆ ಪ್ರವಾಸ ಹೋದವರು. ಹೋಗುವುದಕ್ಕೆ ಮೊದಲೇ ಅವರು ಮನೆಯಲ್ಲಿ ಉಳಿಯುವವರಿಗಿಂತ ಹೆಚ್ಚು ಸಂತೋಷವಾಗಿದ್ದರಂತೆ. ತಿರುಗಿ ಬಂದ ಮೇಲೆ ಮಾತ್ರ ಹೆಚ್ಚಿನವರಲ್ಲಿ ಏನೂ ವ್ಯತ್ಯಾಸ ಉಳಿದಿರಲಿಲ್ಲ. ಮೊದಲನೆಯದು ಕೇಳಿ ನನಗೆ ಆಶ್ಚರ್ಯ ಆಗಲಿಲ್ಲ, ನಮ್ಮವ್ವ ದೀಪಾವಳಿಯಿಂದಲೇ ಅದನ್ನು ತೋರಿಸಿದ್ದಳು. ಎರಡನೆಯದು ಕೇಳಿ ಅಯ್ಯೋ ಅನ್ನಿಸಿತು. ಬಹುಶಃ ಅವರ ಮನೆಗಳಲ್ಲಿ "ಅಷ್ಟೇನು?" ಅಂತ ಕೇಳುವವರು ಯಾರೂ ಇರಲಿಲ್ಲ.

ಇಲ್ಲಿ ಒಂದು ಎಚ್ಚರವನ್ನೂ ಹೇಳಬೇಕು. ಮಟಕಾ ನಂಬರಿಗೆ ಕಾಯುವವನೂ ಕಾಯುತ್ತಾನೆ. ರಾತ್ರಿ ನಿದ್ದೆ ಇಲ್ಲ, ಹೆಂಡತಿಯ ತಾಳಿ ಅಡವು. ಅದೂ ನಿರೀಕ್ಷೆಯೇ? ಅಲ್ಲ. ಬಂದರೆ ಮಾತ್ರ ಸುಖ, ಬರದಿದ್ದರೆ ನರಕ ಅನ್ನುವುದು ಆಸೆ. ಬರುವ ಮೊದಲೇ ಕೈ ತುಂಬಾ ಕೆಲಸ ಕೊಟ್ಟು, ಮನೆ ಉಡುಗಿಸಿ, ಬುತ್ತಿ ಕಟ್ಟಿಸಿ, ನಾಲ್ಕು ಮಂದಿಯನ್ನು ಕರೆಸುವುದು ನಿರೀಕ್ಷೆ. ನೆನಪಿನಲ್ಲೂ ಹಾಗೇ ಎರಡು ಜಾತಿ. ಕಟ್ಟೆಯ ಮೇಲೆ ಕೂತು "ನಮ್ಮ ಮುತ್ತ್ಯಾಗ ಎಂಟು ಕೂರಿಗಿ ಹೊಲ ಇತ್ತು" ಅಂತ ಹೇಳುತ್ತ, ಇರುವ ಎರಡು ಎಕರೆಗೆ ಕುಂಟೆ ಹೊಡೆಯದವನ ನೆನಪು ನನಗೆ ಬೇಡ. ಅದು ಹಳೆಯ ಗಾಯ ಕೆರೆದುಕೊಂಡು ಸುಖಪಡುವ ಕೆಲಸ.

ಹಾಗಾದರೆ ನಿಜವಾದ ಗಾಯ? ನಮ್ಮ ಓಣಿಯಲ್ಲಿ ಒಬ್ಬ ತಂಗಿ. ಗಂಡ ಹೆಂಡತಿ ಕೂಡಿ ವರ್ಷಾ ತಪ್ಪದೆ ಇಲ್ಲಿಗೆ ಬರುವವರು. ಗಂಡ ತೀರಿಕೊಂಡ. ಆಮೇಲೆ ಆಕೆ ಜಾತ್ರೆಯ ಹೆಸರು ಎತ್ತಿದರೆ ಎದ್ದು ಹೋಗುವಳು. ನೆನಪಿನಲ್ಲಿ ಆನಂದ ಇದೆ ಅಂತ ಆಕೆಯ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ, ಈಗಲೂ ಇಲ್ಲ. ಎಪ್ಪತ್ತೆರಡರ ಬರದ ಕಥೆಯನ್ನು ನಮ್ಮ ಹಿರಿಯರು ನಗುನಗುತ್ತ ಹೇಳುತ್ತಿದ್ದರು. ಏನು ತಿಂದೆವು, ಎಲ್ಲಿ ಗುಂಡು ಕಲ್ಲು ಒಡೆದೆವು, ಯಾರು ಒಂದು ರೊಟ್ಟಿಯನ್ನು ಐದು ಮಾಡಿದರು. ಆದರೆ ಆ ನಗು ಎಪ್ಪತ್ಮೂರರಲ್ಲೇ ಬಂದದ್ದಲ್ಲ. ಕೆಲವು ನೆನಪು ಉಪ್ಪಿನಕಾಯಿ ಇದ್ದ ಹಾಗೆ, ಭರಣಿಯಲ್ಲಿ ಕೂಡಬೇಕು. ಅವಸರ ಮಾಡಿ ಮುಚ್ಚಳ ತೆಗೆಯುವವರು ದಡ್ಡರು. ಆ ತಂಗಿ ಮೂರು ವರ್ಷ ಬಿಟ್ಟು ತಾನಾಗಿಯೇ ಬಂದಳು. ಗಂಡ ಕೂಡುತ್ತಿದ್ದ ಬಂಡೆಯ ಹತ್ತಿರ ಕೂತು ಭಾಳ ಹೊತ್ತು ಅತ್ತಳು. ಆಮೇಲೆ ಬುತ್ತಿ ಬಿಚ್ಚಿ ನಮಗೆಲ್ಲ ಬಡಿಸಿದಳು. "ಅವರಿಗಿ ಶೇಂಗಾ ಹಿಂಡಿ ಭಾಳ ಸೇರ್ತಿತ್ತು" ಅಂದಳು. ಮೂರು ವರ್ಷದಲ್ಲಿ ಆಕೆ ಅವನ ಬಗ್ಗೆ ಆಡಿದ ಮೊದಲ ಮಾತು ಅದು ಅಂತ ಆಕೆಯ ಅತ್ತೆ ನನಗೆ ಆಮೇಲೆ ಹೇಳಿದಳು.

ನೆನಪು ಎಲ್ಲೆಲ್ಲಿ ಅಡಗಿ ಕೂತಿರುತ್ತದೆ ಅನ್ನುವುದಕ್ಕೆ ದೂರ ಹೋಗುವುದು ಬೇಡ. ಭೀಮಾ ತೀರದ ಸನ್ನತಿಗೆ ಚಂದ್ರಲಾಂಬೆಯ ದರ್ಶನಕ್ಕೆ ನಿಮ್ಮಲ್ಲಿ ಭಾಳ ಮಂದಿ ಹೋಗಿದ್ದೀರಿ. 1986ರಲ್ಲಿ ಅಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಕೆಳಗಿನ ಪೀಠದ ಕಲ್ಲು ನೋಡಿದರೆ ಅದರಲ್ಲಿ ಅಕ್ಷರಗಳು! ಅಶೋಕ ಚಕ್ರವರ್ತಿಯ ಶಾಸನ. ಎಷ್ಟು ತಲೆಮಾರಿನ ಜನ ಅದರ ಮುಂದೆ ಕುಂಕುಮ ಏರಿಸಿ ಬಂದಿದ್ದರೋ, ತಾವು ಯಾರ ಮಾತಿನ ಮೇಲೆ ಹೂವು ಇಡುತ್ತಿದ್ದೇವೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಮುಂದೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಸ್ತೂಪ ಸಿಕ್ಕಿತು, ಅದರೊಳಗೆ ಅಶೋಕನ ಮೂರ್ತಿಯನ್ನೇ ಕೆತ್ತಿ ಪಕ್ಕದಲ್ಲಿ ಅವನ ಹೆಸರು ಬರೆದ ಕಲ್ಲು ಸಿಕ್ಕಿತು. ಅದು ಅಶೋಕ ಇದ್ದಾಗ ಕೆತ್ತಿದ್ದಲ್ಲ. ಅವನು ಹೋಗಿ ಶತಮಾನಗಳಾದ ಮೇಲೆ, ಅವನನ್ನು ಕಣ್ಣಿಂದ ಕಾಣದ ಕಲ್ಲುಕುಟಿಗ ನೆನಪಿನ ಮೇಲೆ ಕೆತ್ತಿದ್ದು. ಮುಂದೆ ಬರುವವರಿಗೆ ಗೊತ್ತಾಗಲಿ ಅಂತ ಹೆಸರೂ ಬರೆದ. ಹಿಂದಿನವನ ನೆನಪು, ಮುಂದಿನವರ ನಿರೀಕ್ಷೆ, ಎರಡೂ ಒಂದೇ ಉಳಿಯ ಏಟಿನಲ್ಲಿ. ಅದನ್ನು ಓದಿದ ದಿನ ನನಗೆ ಶಿರವಾಳದ ಬರಿದಾದ ಗುಡಿ ನೆನಪಾಯಿತು, ಅವ್ವನ "ಇತ್ತಲ್ಲಪ್ಪ" ನೆನಪಾಯಿತು.

2020ರ ಯುಗಾದಿ ಯಾರೂ ಮರೆತಿಲ್ಲ. ಮಾರ್ಚ್ 25, ಅದೇ ದಿನ ದೇಶವೆಲ್ಲ ಲಾಕ್‌ಡೌನ್. ಗುಡಿಗಳ ಬಾಗಿಲು ಹಾಕಿದವು, ಮತ್ತೆ ಜೂನ್ 8ಕ್ಕೆ ತೆರೆದವು. ದುಡಿಯಲು ಹೋದ ನಮ್ಮ ಹುಡುಗರು ದೊಡ್ಡ ಊರುಗಳಿಂದ ನಡೆದು, ಲಾರಿ ಹತ್ತಿ, ಹೇಗೋ ಊರು ಮುಟ್ಟಿದರು. ಆ ಎರಡೂವರೆ ತಿಂಗಳು ಊರೆಲ್ಲ ನಮ್ಮವ್ವನ ಹಾಗೇ ಆಯಿತು. ಎಲ್ಲರಿಗೂ ಒಂದು ಹೊರಸು, ಒಂದು ಗೋಡೆ. ಆಗ ನಡೆದದ್ದು ಕೇಳಿರಿ. ಸಂಜೆಯಾದರೆ ಅಕ್ಕಪಕ್ಕದ ಹೆಣ್ಣುಮಕ್ಕಳು ನಮ್ಮ ಅಂಗಳದಲ್ಲಿ ದೂರ ದೂರ ಕೂಡುವರು. ಕಿಟಕಿಯ ಒಳಗಿಂದ ಅವ್ವ ಗುಡ್ಡ ಹತ್ತಿಸುವಳು. ಏಳು ವರ್ಷದಿಂದ ಗುಡ್ಡ ಹತ್ತದಾಕಿ! "ಈಗ ಹೊಳಿ ದಾಟಿದಿವಿ. ಈಗ ಗುಡ್ಡ ಕಾಣ್ತದ ನೋಡ್ರಿ. ಇಲ್ಲಿ ಬೇವಿನ ಗಿಡ ಅದ, ಒಂದು ಟೊಂಗಿ ಮುರದದ." ಆ ಮುರಿದ ಟೊಂಗೆ ನಾನು ತಂದು ಕೊಟ್ಟದ್ದು. ಕೊನೆಗೆ ಗವಿಯ ಬಾಗಿಲಿಗೆ ಬಂದಾಗ ಎಲ್ಲರೂ ಕೂಡಿ "ಏಳು ಕೋಟಿಗೋ" ಅನ್ನುವರು. ಮುಂಬೈಯಿಂದ ನಡೆದು ಬಂದು ಹದಿನಾಲ್ಕು ದಿನ ಶಾಲೆಯಲ್ಲಿ ಕೂಡಿಹಾಕಿಸಿಕೊಂಡು ಹೊರಬಂದ ಹುಡುಗನೊಬ್ಬ ಕಟ್ಟೆಯ ಆಚೆ ನಿಂತು ಕೇಳುತ್ತಿದ್ದ. ಅವನ ಕಣ್ಣಲ್ಲಿ ನೀರು ಇಳಿಯುತ್ತಿದ್ದುದನ್ನು ನಾನು ನೋಡಿ ನೋಡದ ಹಾಗೆ ಮಾಡಿದೆ.

ಆ ವರ್ಷ ದೀಪಾವಳಿ ಆದ ಮೇಲೆ ಅವ್ವ ಎರಡು ಸೇರು ಜೋಳ ಬೇರೆ ತೆಗೆಸಿ ಇಡಿಸಿದಳು. ಎಳ್ಳ ಅಮವಾಸ್ಯೆಯ ತನಕ ಉಳಿಯಲಿಲ್ಲ. ಆ ಜೋಳದ ರೊಟ್ಟಿ ಕಟ್ಟಿಕೊಂಡೇ ನಾನು ಆಮೇಲೆ ಇಲ್ಲಿಗೆ ಬಂದೆ, ಬೇವಿನ ಗಿಡದ ಕೆಳಗೆ ಬಿಚ್ಚಿದೆ. ಮುರಿದ ಟೊಂಗೆಯ ಹತ್ತಿರ ಹೊಸ ಚಿಗುರು ಒಡೆದಿತ್ತು. ಮನೆಗೆ ಹೋಗಿ ಇದನ್ನು ಹೇಳಬೇಕು ಅಂತ ಅಂದುಕೊಂಡೆ, ಅಂದುಕೊಂಡ ಮೇಲೆ ಹೇಳುವುದು ಯಾರಿಗೆ ಅಂತ ತಿಳಿಯಿತು. ಅದಕ್ಕೇ ನಿಮಗೆ ಹೇಳಿದೆ.

ಹೊತ್ತು ಮುಳುಗುವ ಮೊದಲು ಇಳಿಯಿರಿ, ಮೆಟ್ಟಿಲ ಮೇಲೆ ಭಂಡಾರ ಬಿದ್ದು ಜಾರುತ್ತದೆ, ಮುದುಕರ ಕೈ ಹಿಡಿದುಕೊಳ್ಳಿರಿ. ಇಳಿಯುವಾಗ ಎಡಗಡೆ ಆ ಬೇವಿನ ಗಿಡ ಸಿಗುತ್ತದೆ. ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ, ಕೇಳುತ್ತಾರೆ, ನೋಡಿಕೊಂಡು ಹೋಗಿರಿ.